ಮಾಸ್ಟರ ಕೊರಳಿನ ಟೇಪು

ಮಾಸ್ಟರ್ ಅಳತೆ ತೆಗೆದರೆ ಬೀದಿಗೆಲ್ಲ ಕೇಳುತ್ತಿತ್ತು. "ಎದೆ ಮೂವತ್ತೆಂಟೂವರೆ! ತೋಳು ಇಪ್ಪತ್ತಮೂರು!" ಎಂದು ಕೂಗುತ್ತಿದ್ದರು. ಎದುರಿನ ಔಷಧಿ ಅಂಗಡಿಯವನು ಕೂಡ ಅದಾರು ಎಂದು ತಲೆಯೆತ್ತಿ ನೋಡುತ್ತಿದ್ದ. ಆದರೆ ಹೊಟ್ಟೆ ಇರುವವರು ಬಂದಾಗ, ಸೊಂಟದ ಅಳತೆಗೆ ಬರುತ್ತಲೇ ಮಾಸ್ಟರ ಬಾಯಿ ಮುಚ್ಚಿಹೋಗುತ್ತಿತ್ತು. ಗಿರಾಕಿಯ ಬೆನ್ನ ಹಿಂದೆ ಕೈ ಮಾಡಿ ಬೆರಳು ಮಡಚಿ ತೋರಿಸುತ್ತಿದ್ದರು. ಮಗಳು ಬೆರಳು ಎಣಿಸಿಕೊಂಡು ಪುಸ್ತಕದಲ್ಲಿ ಬರೆಯುತ್ತಿದ್ದಳು. ಬಸ್ಸಿನ ದಪ್ಪ ಕಂಡಕ್ಟರು ಪ್ರತಿ ಸಲ ಕೇಳುತ್ತಿದ್ದರು.

"ಎಷ್ಟು ಬಂತು ಮಾಸ್ಟರ್?"

"ಹೋದ ಸಲದ್ದೇ ಸ್ವಾಮಿ. ನಿಮ್ಮ ಮೈ ಕಟ್ಟುಮಸ್ತು, ಅದೆಲ್ಲಿ ಏರುತ್ತೆ?"

ಕಂಡಕ್ಟರು ಹಿಗ್ಗಿಕೊಂಡು ಹೊರಟ ಮೇಲೆ ಮಗಳು ಪುಸ್ತಕ ನೋಡಿ, "ಅಪ್ಪ, ಎರಡಿಂಚು ಏರಿದ್ದಾರೆ" ಎನ್ನುತ್ತಿದ್ದಳು. "ಅದು ಬಟ್ಟೆಗೆ ಗೊತ್ತಿದ್ರೆ ಸಾಕು, ಅವರಿಗ್ಯಾಕೆ?" ಎನ್ನುತ್ತಿದ್ದರು ಮಾಸ್ಟರ್.

ಮೂವತ್ತೊಂದು ವರ್ಷ ಆ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹೊಲಿದವಳು ನಾನು. ಗುಂಡಿ ಹಾಕುವುದು, ಗುಂಡಿಯ ತೂತಿಗೆ ಸುತ್ತಲೂ ದಾರ ಬಿಗಿಯುವುದು, ಪ್ಯಾಂಟಿನ ಅಂಚು ಮಡಚಿ ಹೊಲಿಯುವುದು, ಇಷ್ಟೇ ನನ್ನ ಕೆಲಸ. ಕಣ್ಣು ಬಟ್ಟೆಯ ಮೇಲಿರಬೇಕು, ಕಿವಿಗೆ ಏನೂ ಕೆಲಸವಿಲ್ಲ. ಹಾಗಾಗಿ ಆ ಅಂಗಡಿಯಲ್ಲಿ ಆಡಿದ ಮಾತೆಲ್ಲ ನನ್ನ ಕಿವಿಗೆ ಬಿದ್ದಿದೆ. ಮೂರನೇ ತರಗತಿಗೆ ಶಾಲೆ ಬಿಟ್ಟವಳು ಬರೆಯುತ್ತಿದ್ದೇನೆ, ಎಲ್ಲಾದರೂ ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಂಗಡಿ ಎಂದರೆ ಎಷ್ಟು ದೊಡ್ಡದು? ನಾಲ್ಕು ಜನ ನಿಂತರೆ ಐದನೆಯವರು ಮೆಟ್ಟಿಲ ಮೇಲೆ. ಎರಡು ಮಿಷನ್ನು, ಮೂಲೆ ಒಡೆದ ನಿಲುವುಗನ್ನಡಿ, ಬಟ್ಟೆ ಹಾಕಿ ನೋಡುವವರಿಗೊಂದು ಪರದೆ, ಕಾಯುವವರಿಗೊಂದು ಬೆಂಚು. ಮಧ್ಯದಲ್ಲಿ ಹಳೆಯ ಬಾಗಿಲೊಂದನ್ನು ಅಡ್ಡ ಮಲಗಿಸಿ ಮಾಡಿದ ಕಟಿಂಗ್ ಟೇಬಲ್ಲು. ಬಾಗಿಲಿನ ಚಿಲಕದ ತೂತು ಅದರಲ್ಲಿ ಹಾಗೇ ಇತ್ತು, ಮಾಸ್ಟರ್ ಅದರೊಳಗೆ ಗುಂಡುಸೂಜಿ ತುಂಬಿಸಿಡುತ್ತಿದ್ದರು. ಟೇಬಲ್ಲಿನ ಅಂಚಿಗೆ ಮೂವತ್ತಾರು ಇಂಚಿನ ಕಬ್ಬಿಣದ ಕಡ್ಡಿಯೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಅದು ನೇರ ಗೆರೆ ಎಳೆಯಲು ಮಾತ್ರ. ಅಳತೆಗೆ ಮಾಸ್ಟರ ಕೊರಳಲ್ಲಿ ಟೇಪಿತ್ತು. ಮದುವೆಗೆ ಮೊದಲು ಕೊಂಡ ಟೇಪಂತೆ. ಬೆವರು ಕುಡಿದು ಕುಡಿದು ಹಳದಿ ಹೋಗಿ ಕಂದಾಗಿತ್ತು. ಒಂದರಿಂದ ಐದರವರೆಗಿನ ಅಂಕಿಗಳು ಅಳಿಸಿಯೇ ಹೋಗಿದ್ದವು. ಯಾರಾದರೂ ಆಡಿಕೊಂಡರೆ, "ಐದರ ಒಳಗಿನ ಮೈ ಯಾರಿಗಿದೆ ಹೇಳಿ" ಎನ್ನುತ್ತಿದ್ದರು.

ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ದಿನವೂ ಶಾಲೆ ಬಿಟ್ಟ ಮೇಲೆ ನೆಟ್ಟಗೆ ಅಂಗಡಿಗೆ ಬರುತ್ತಿತ್ತು ಆ ಕೂಸು. ಕಾಲು ಎಟುಕದೆ ನಿಂತುಕೊಂಡೇ ಮಿಷನ್ ತುಳಿಯುವುದನ್ನು ಕಲಿತಳು. ಮಾಸ್ಟರ್ ಅವಳನ್ನು ಮರಿ ಎನ್ನುತ್ತಿದ್ದರು. ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿ, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಂಡರೂ ಅವಳು ಮರಿಯೇ. ಅವಳ ಹೊಲಿಗೆ ನೋಡಬೇಕು, ಇರುವೆ ಸಾಲು ಹೊರಟ ಹಾಗೆ. ಕಾಲರ್ ಕೂರಿಸುವುದರಲ್ಲಿ ಅಪ್ಪನನ್ನೂ ಮೀರಿಸಿದ್ದಳು. ಆದರೆ ಕತ್ತರಿ ಮಾತ್ರ ಮಾಸ್ಟರದ್ದು. ಅದನ್ನು ಅವಳು ಮುಟ್ಟುವ ಹಾಗಿರಲಿಲ್ಲ.

"ಅಪ್ಪ, ಈ ಒಂದು ಲಂಗ ನಾನು ಕತ್ತರಿಸ್ಲಾ?"

"ಇನ್ನೂ ಕೈ ಕೂತಿಲ್ಲ ಮರಿ."

"ಮೂವತ್ತೇಳು ವರ್ಷಕ್ಕೆ ಕೂರದ ಕೈ ಇನ್ಯಾವಾಗ ಕೂರುತ್ತೆ? ಕೋಲು ಹಿಡಿದ ಮೇಲಾ?"

"ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು. ಕತ್ತರಿ ತಪ್ಪಿದ್ರೆ ತುಂಡು ಮತ್ತೆ ಬಟ್ಟೆಗೆ ಹೋಗಿ ಅಂಟಿಕೊಳ್ಳಲ್ಲ. ಸುಮ್ನೆ ಮಿಷನ್ ನೋಡ್ಕೋ."

ಅವಳು ನನ್ನ ಕಡೆ ತಿರುಗಿ, "ದೊಡ್ಡಮ್ಮ, ಕೇಳಿಸ್ಕೊಂಡ್ರಾ ನಿಮ್ಮ ಮಾಸ್ಟರ್ ಮಾತು?" ಎನ್ನುವಳು. ನಾನು ದಾರ ಕಚ್ಚಿ ಹರಿಯುವೆ. ಇದು ವರ್ಷಕ್ಕೆ ಹತ್ತು ಸಲ ನಡೆಯುತ್ತಿದ್ದ ಆಟ. ಅದರಲ್ಲಿ ಅವಳಿಗೆ ಎಷ್ಟು ನೋವಿತ್ತೆಂದು ನಾನು ಆಗ ತೂಗಿ ನೋಡಲಿಲ್ಲ.

ಆ ವರ್ಷ ಬ್ಯಾಂಡ್‌ಸೆಟ್ಟಿನವರು ಹೊಸ ಕೋಟು ಹೊಲಿಸಲು ಬಂದರು. ಹದಿನಾಲ್ಕು ಜನ. ಕೆಂಪು ಬಟ್ಟೆ, ಎದೆಯ ಮೇಲೆ ಎರಡು ಸಾಲು ಗುಂಡಿ. ಮಾಸ್ಟರ್ ಒಬ್ಬೊಬ್ಬರನ್ನೇ ನಿಲ್ಲಿಸಿ ಅಳತೆ ಕೂಗಿದರು, ಮಗಳು ಬರೆದುಕೊಂಡಳು. ಅದಾಗಿ ಐದನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮಾಸ್ಟರ ಕೈಯಿಂದ ಬ್ರಷ್ ಜಾರಿಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಮಾತು ಕೇಳಲಿಲ್ಲವಂತೆ. ಲಕ್ವ ಹೊಡೆದು ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದರು. ನಾಲಿಗೆ ಬೇಗ ಸರಿಹೋಯಿತು, ಕಾಲೂ ಬಂತು. ಬಲಗೈಯ ಬೆರಳು ಮಾತ್ರ ಮಡಚಿದ್ದು ಮಡಚಿದಂತೆಯೇ ಉಳಿದವು.

ಬ್ಯಾಂಡಿನವರಿಗೆ ಕೋಟು ಬೇಕಾದ ದಿನ ಹತ್ತಿರ ಬರುತ್ತಿತ್ತು. ಮಗಳು ಆಸ್ಪತ್ರೆಗೆ ಹೋಗಿ ಕೇಳಿದಳು.

"ಅಪ್ಪ, ಕೋಟು ನಾನು ಕತ್ತರಿಸ್ಲಾ? ವಾಪಸ್ ಕಳಿಸೋಕೆ ಮನಸ್ಸಿಲ್ಲ."

ಮಾಸ್ಟರ್ ಗೋಡೆಯ ಕಡೆ ಮುಖ ತಿರುಗಿಸಿದರಂತೆ. ಆಮೇಲೆ, "ಪುಸ್ತಕದಲ್ಲಿ ಬರೆದಿರೋದನ್ನ ಗೆರೆ ಬಿಡದ ಹಾಗೆ ಹಿಡಿ. ನಿನ್ನ ಬುದ್ಧಿ ಓಡಿಸಬೇಡ" ಎಂದರಂತೆ. ಟೇಪು ಆಗಲೂ ಅವರ ಕೊರಳಲ್ಲೇ ಇತ್ತು. ನರ್ಸು ತೆಗೆಯಲು ಹೋದಾಗ ಎಡಗೈಯಲ್ಲಿ ಗಟ್ಟಿ ಹಿಡಿದುಕೊಂಡಿದ್ದರು. ಅದನ್ನು ಕೇಳಲು ಮಗಳಿಗೆ ಬಾಯಿ ಬರಲಿಲ್ಲ. ಬರುವ ದಾರಿಯಲ್ಲಿ ಹೊಸ ಟೇಪೊಂದನ್ನು ಕೊಂಡು ತಂದಳು.

ಮೊದಲ ಕೋಟಿನ ಬಟ್ಟೆ ಹಾಸಿದಾಗ ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಒಂದೊಂದು ಗೆರೆಯನ್ನೂ ಮೂರು ಮೂರು ಸಲ ಅಳೆದಳು. ಕತ್ತರಿ ಮೊದಲ ಸಲ ಬಾಯಿ ಮುಚ್ಚಿದ ಸದ್ದಿಗೆ ನಾನು ಸೂಜಿ ನಿಲ್ಲಿಸಿದೆ. "ಹೆಂಗಿದೆ ದೊಡ್ಡಮ್ಮ?" ಎಂದಳು. ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ಎರಡು ವಾರ ಇಬ್ಬರೂ ತಲೆ ಎತ್ತದೆ ದುಡಿದು ಹದಿನಾಲ್ಕು ಕೋಟು ಮುಗಿಸಿದೆವು.

ಎಲ್ಲವೂ ಬಿಗಿಯಾದವು. ಒಂದೆರಡಲ್ಲ, ಹದಿನಾಲ್ಕೂ. ಬ್ಯಾಂಡಿನ ಯಜಮಾನ ಮೂಟೆ ಕಟ್ಟಿಕೊಂಡು ಬಂದು ಟೇಬಲ್ಲಿನ ಮೇಲೆ ಹಾಕಿದ. ಅವನ ಜೊತೆ ಕಹಳೆ ಊದುವವನೂ ಕೋಟು ತೊಟ್ಟುಕೊಂಡೇ ಬಂದಿದ್ದ.

"ಏನಕ್ಕ ಇದು? ನಮಗೆ ಕೋಟು ಹೊಲಿದ್ರೋ, ಕುಪ್ಪಸ ಹೊಲಿದ್ರೋ?"

"ಅಳತೆಗೆ ಸರಿಯಾಗಿದೆ ಅಣ್ಣ. ನಾನೇ ಮೂರು ಸಲ ನೋಡಿದೀನಿ."

"ಅಳತೆ ಕಹಳೆ ಊದುತ್ತೇನಕ್ಕ? ಊದೋದು ಇವನು. ಏ, ಊದಿ ತೋರಿಸೋ!"

ಕಹಳೆಯವನು ಎದೆ ತುಂಬ ಉಸಿರೆಳೆದ. ಎರಡನೇ ಗುಂಡಿ ಹಾರಿ ಹೋಗಿ ಕನ್ನಡಿಗೆ ಟಣ್ ಎಂದು ಬಡಿಯಿತು. ಮೆಟ್ಟಿಲ ಮೇಲೆ ನಿಂತಿದ್ದವರು ಬಿದ್ದು ಬಿದ್ದು ನಕ್ಕರು. ನನಗೂ ಒಂದು ಗಳಿಗೆ ನಗು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಅವಳ ಮುಖ ನೋಡಿದೆ. ಯಜಮಾನ ಹೋಗುವಾಗ ಒಂದು ಮಾತು ಹೇಳಿಹೋದ: "ಮಾಸ್ಟರ್ ಕೈ ಸರಿಹೋಗೋವರೆಗೂ ಕಾಯಬೇಕಿತ್ತು. ಮಿಷನ್ ತುಳಿಯೋರ ಕೈಗೆ ಕತ್ತರಿ ಬಂದ್ರೆ ಹಿಂಗೇ."

ಪುಣ್ಯಕ್ಕೆ ಅವಳು ಒಳಗಡೆ ಹೊಲಿಗೆಯಾಚೆ ಎರಡು ಬೆರಳು ಬಟ್ಟೆ ಬಿಟ್ಟಿದ್ದಳು. ಒಂದೊಂದೇ ಕೋಟಿನ ಪಕ್ಕ ಬಿಚ್ಚಿ ಸಡಿಲ ಮಾಡುತ್ತ ಬಂದೆವು. ಸುದ್ದಿ ಮಾಸ್ಟರ ಕಿವಿಗೂ ಬಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಮಗಳ ಮನೆಯಲ್ಲೇ ಇದ್ದರಲ್ಲ, ಬೀಳದೆ ಇರುತ್ತದೆಯೇ? ಒಂದು ಮಧ್ಯಾಹ್ನ ಕೋಲೂರಿಕೊಂಡು ಅಂಗಡಿಗೆ ಬಂದೇಬಿಟ್ಟರು. ಸರಿ ಮಾಡಿದ ಹದಿಮೂರು ಕೋಟು ಕೊಡಲು ಮಗಳು ಹೊರಗೆ ಹೋಗಿದ್ದಳು. ಹದಿನಾಲ್ಕನೆಯದು, ಕಹಳೆಯವನದು, ಇನ್ನೂ ಬಿಚ್ಚದೆ ಟೇಬಲ್ಲಿನ ಮೇಲಿತ್ತು.

ಮಾಸ್ಟರ ಮುಖದಲ್ಲಿ ಅಷ್ಟು ದಿನಗಳ ಮೇಲೆ ಕಳೆ ಬಂದಿತ್ತು. ಪುಸ್ತಕ ತೆರೆದು, "ಎದೆ ನಲವತ್ತು" ಎಂದು ಓದಿದರು. ಕೊರಳಿನ ಟೇಪು ತೆಗೆದು ಎಡಗೈಯಲ್ಲೇ ಕೋಟು ಅಳೆದರು.

"ಮೂವತ್ತೊಂಬತ್ತು! ನೋಡಿದ್ರಾ ಅಕ್ಕ? ನಲವತ್ತು ಅಂತ ತಾನೇ ಬರೆದು ಮೂವತ್ತೊಂಬತ್ತಕ್ಕೆ ಕತ್ತರಿಸಿದಾಳೆ. ಇದಕ್ಕೇ ನಾನು ಬಡ್ಕೊಳ್ತಿದ್ದಿದ್ದು."

ಮೊಳೆಗೆ ತೂಗುಹಾಕಿದ್ದ ಮಗಳ ಹೊಸ ಟೇಪು ಅವರ ಕಣ್ಣಿಗೆ ಬಿತ್ತು. ಅದನ್ನೂ ತೆಗೆದು ಅದೇ ಕೋಟಿಗೆ ಹಿಡಿದರು. ಬಾಯಿ ತೆರೆದವರು ಅಂಕಿ ಕೂಗಲಿಲ್ಲ. ಇನ್ನೊಂದು ಸಲ ಹಿಡಿದರು. ಆಮೇಲೆ ಟೇಬಲ್ಲಿನ ಅಂಚಿನ ಕಬ್ಬಿಣದ ಕಡ್ಡಿಯ ಮೇಲೆ ಎರಡೂ ಟೇಪನ್ನು ಜೊತೆಗೆ ಮಲಗಿಸಿದರು. ಹೊಸ ಟೇಪಿನ ಮೂವತ್ತಾರು ಕಡ್ಡಿಯ ತುದಿಗೆ ಸರಿಯಾಗಿ ಬಂದು ನಿಂತಿತು. ಅವರ ಟೇಪಿನ ಮೂವತ್ತಾರು ಕಡ್ಡಿ ದಾಟಿ ಹೆಬ್ಬೆರಳ ಅಗಲದಷ್ಟು ಆಚೆಗೆ ಜೋತುಬಿತ್ತು.

ಅಷ್ಟು ವರ್ಷ ಎಳೆದೆಳೆದು ಆ ಟೇಪು ಉದ್ದವಾಗಿಬಿಟ್ಟಿತ್ತು. ಅದರಲ್ಲೇ ಅಳೆದು ಅದರಲ್ಲೇ ಕತ್ತರಿಸುತ್ತಿದ್ದ ಮಾಸ್ಟರಿಗೆ ಅದು ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಹಳೆಯ ಟೇಪಿನಲ್ಲಿ ಅವರು ಅಳೆದದ್ದನ್ನು ಮಗಳು ಹೊಸ ಟೇಪಿನಲ್ಲಿ ಕತ್ತರಿಸಿದಾಗ ಎದೆಗೆ ಒಂದಿಂಚು ಕಡಿಮೆ ಬಿತ್ತು. ಅವಳ ಕೈ ತಪ್ಪಿರಲಿಲ್ಲ.

ಮಾಸ್ಟರ್ ಹೊಸ ಟೇಪನ್ನು ಮೊದಲಿದ್ದ ಮೊಳೆಗೇ ತೂಗುಹಾಕಿದರು. ಹಳೆಯದನ್ನು ಕೊರಳಿಗೆ ಹಾಕಿಕೊಂಡರು. ನಾನು ತಲೆ ತಗ್ಗಿಸಿ ಕಾಜಾ ನೋಡುತ್ತಿದ್ದೆ. "ದಾರ ಮುಗೀತಾ ಅಕ್ಕ?" ಎಂದು ಕೇಳಿದರು. ಇನ್ನೂ ಇದೆ ಎಂದೆ.

ಮಗಳು ಬಂದಳು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. "ನಾಳೆಯಿಂದ ಕತ್ತರಿ ನಾನೇ ಹಿಡೀತೀನಿ ಮರಿ. ನೀನು ಮಿಷನ್ ನೋಡ್ಕೋ" ಎಂದರು, ಅಷ್ಟೇ. ಅವಳು "ಹೂಂ ಅಪ್ಪ" ಎಂದಳು.

ಎಡಗೈಗೆ ಒಗ್ಗದ ಕತ್ತರಿ ಅದು. ಹೆಬ್ಬೆರಳು ಬೊಬ್ಬೆ ಎದ್ದಿತು. ದಿನಕ್ಕೆ ಹತ್ತು ಕತ್ತರಿಸುತ್ತಿದ್ದವರು ಒಂದು ಕತ್ತರಿಸಿದರೆ ಹೆಚ್ಚು. ಆದರೆ ಅವರ ಟೇಪು ಅಳೆದದ್ದನ್ನು ಅವರ ಟೇಪೇ ಕತ್ತರಿಸುತ್ತಿತ್ತಲ್ಲ, ಬಟ್ಟೆ ಮತ್ತೆ ಮೈಗೆ ಸರಿಯಾಗಿ ಕೂರತೊಡಗಿತು. "ಏನೇ ಅನ್ನಿ, ಮಾಸ್ಟರ್ ಕೈ ಮಾಸ್ಟರ್ ಕೈನೇ" ಎಂದರು ಗಿರಾಕಿಗಳು. ಮಗಳು ಎದುರಿಗೆ ನಿಂತು ಬಟ್ಟೆ ಜರುಗದಂತೆ ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ದಾರ ಕತ್ತರಿಸಲು ನನ್ನ ಸಣ್ಣ ಕತ್ತರಿ ಎತ್ತಿಕೊಂಡವಳು ಅದನ್ನು ಹಾಗೇ ಕೆಳಗಿಟ್ಟು, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು.

ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ತಿಂಗಳು ತುಟಿ ಎರಡು ಮಾಡಲಿಲ್ಲ. ಅಪ್ಪ ಮಗಳ ನಡುವೆ ಮೂರನೆಯವಳು ಬಾಯಿ ಹಾಕಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ಸುಲಭವಾಗಿತ್ತು.

ಒಂದು ದಿನ ಮಾಸ್ಟರ್ ಇನ್ನೂ ಬಂದಿರಲಿಲ್ಲ. ಅವಳು ಮಿಷನ್ನಿಗೆ ಎಣ್ಣೆ ಬಿಡುತ್ತ ಹೇಳಿದಳು.

"ದೊಡ್ಡಮ್ಮ, ಪೇಟೆಯ ರೆಡಿಮೇಡ್ ಅಂಗಡಿಯಲ್ಲಿ ಪ್ಯಾಂಟಿನ ಕಾಲು ಗಿಡ್ಡ ಮಾಡೋರು ಬೇಕಂತೆ. ಒಂದನೇ ತಾರೀಕಿನಿಂದ ಬರ್ತೀನಿ ಅಂತ ಹೇಳಿಬಂದೆ."

"ಅಪ್ಪನಿಗೆ ಹೇಳಿದ್ಯಾ?"

"ಹೇಳ್ತೀನಿ. ಅವರಾದ ಮೇಲೆ ಈ ಅಂಗಡಿ ಮುಚ್ಚೋದೇ ತಾನೇ? ನನ್ನ ಕೈಯಲ್ಲಿ ಆಗಲ್ಲ ಅಂತ ಊರಿಗೆಲ್ಲ ಗೊತ್ತಾಯ್ತು. ನನಗೂ ಗೊತ್ತಾಯ್ತು. ಅಲ್ಲಾದ್ರೆ ಬರೀ ಕಾಲು ಗಿಡ್ಡ ಮಾಡೋದು, ಯಾರ ಎದೆ ಅಳತೆಯೂ ಬೇಕಿಲ್ಲ."

ನಗುತ್ತಲೇ ಹೇಳಿದಳು. ಅವತ್ತು ಅವಳು ಊಟಕ್ಕೆ ಮನೆಗೆ ಹೋದಾಗ ಮಾಸ್ಟರಿಗೆ ಸುದ್ದಿ ಹೇಳಿದೆ. ಹೇಳಿ, "ನೀವಾಗೇ ಹೇಳ್ತೀರೋ, ನಾನು ಹೇಳ್ಲೋ?" ಎಂದೆ.

"ಏನನ್ನ?"

"ಆ ಕಬ್ಬಿಣದ ಕಡ್ಡಿ ನಿಮಗೆ ಹೇಳಿದ್ದನ್ನ."

ಅವರು ಕತ್ತರಿ ಕೆಳಗಿಟ್ಟರು. ಬೊಬ್ಬೆ ಒಡೆದ ಹೆಬ್ಬೆರಳನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡರು. "ನಲವತ್ತು ವರ್ಷ ಟೇಬಲ್ಲಿನ ಈ ಕಡೆ ನಿಂತಿದೀನಿ ಅಕ್ಕ. ಆ ಕಡೆ ಬೆಂಚಿನ ಮೇಲೆ ಹೇಗೆ ಕೂತ್ಕೊಳ್ಳೋದು ಅಂತಾನೇ ನನಗೆ ಗೊತ್ತಿಲ್ಲ" ಎಂದರು.

ಮರುದಿನ ಬೆಳಿಗ್ಗೆ ಅವರು ಬಂದು ಕನ್ನಡಿಯ ಮುಂದೆ ನಿಂತರು. "ಮರಿ, ನನಗೊಂದು ಅಂಗಿ ಹೊಲಿ. ಅಳತೆ ತಗೋ. ಮೊದಲು ನಿನ್ನ ಟೇಪಲ್ಲಿ, ಆಮೇಲೆ ಇದರಲ್ಲಿ" ಎಂದು ಕೊರಳಿನ ಟೇಪು ತೆಗೆದು ಕೊಟ್ಟರು. ಅವರೇ ಅಳತೆ ತೆಗೆಯುವಾಗ ಬಿಟ್ಟರೆ, ಅದಿಲ್ಲದ ಅವರ ಕೊರಳನ್ನು ನಾನು ನೋಡಿದ್ದು ಅದೇ ಮೊದಲು. ಟೇಪು ಕೂತಿದ್ದ ಜಾಗದ ಚರ್ಮ ಬೆಳ್ಳಗಿತ್ತು.

ಅವಳು ಅಳೆದಳು. "ಮೂವತ್ತಾರು." ಹಳೆಯದರಲ್ಲಿ ಅಳೆದಳು. "ಮೂವತ್ತೈದು ಚಿಲ್ಲರೆ... ಉಸಿರು ಬಿಡಬೇಡ ಅಪ್ಪ." ಮತ್ತೆ ಅಳೆದಳು. ಎರಡು ಟೇಪನ್ನೂ ಒಂದೊಂದು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು. ಹೊಲಿಗೆಯವರ ಮಗಳಿಗೆ ಬಿಡಿಸಿ ಹೇಳಬೇಕೇ?

"ಯಾವಾಗ ಗೊತ್ತಾಯ್ತು ಅಪ್ಪ?"

ಈಗ ತಾನೇ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ನಾನೂ ಸುಮ್ಮನಿರುತ್ತಿದ್ದೆನೇನೋ.

"ಅವತ್ತೇ. ನೀನು ಕೋಟು ಕೊಡೋಕೆ ಹೋಗಿದ್ದೆಯಲ್ಲ, ಅವತ್ತು."

"ನಾಲ್ಕು ತಿಂಗಳು."

"ಹೂಂ."

ಅವಳು ನನ್ನ ಕಡೆ ತಿರುಗಿದಳು. "ದೊಡ್ಡಮ್ಮ, ನಿಮಗೆ?"

ನಾನು ಕಣ್ಣು ತಗ್ಗಿಸಿ ಸೂಜಿಯನ್ನು ಬಟ್ಟೆಗೆ ಚುಚ್ಚಿದೆ. ಅದೇ ಉತ್ತರವಾಯಿತು.

ಅವಳು ಕಿರುಚಲಿಲ್ಲ, ಅಳಲಿಲ್ಲ. ಹಳೆಯ ಟೇಪನ್ನು ಸುರುಳಿ ಸುತ್ತಿ ಅಳತೆ ಪುಸ್ತಕದ ಮೇಲಿಟ್ಟಳು. ಬಟ್ಟೆ ಹಾಸಿದಳು, ಗೆರೆ ಎಳೆದಳು, ಕತ್ತರಿ ಎತ್ತಿಕೊಂಡಳು. ನಿಲ್ಲದೆ ಕತ್ತರಿಸಿದಳು. ಮಾಸ್ಟರ್ ಟೇಬಲ್ಲು ಸುತ್ತಿಕೊಂಡು ಬಂದು ಗಿರಾಕಿಗಳ ಬೆಂಚಿನ ತುದಿಗೆ ಕೂತರು. ಬಸ್ಸಿನಲ್ಲಿ ಬೇರೆಯವರ ಜಾಗದಲ್ಲಿ ಕೂತ ಹಾಗೆ, ಅರ್ಧ ಮೈ ಮಾತ್ರ.

ರೆಡಿಮೇಡ್ ಅಂಗಡಿಗೆ ಅವಳು ಹೋಗಲಿಲ್ಲ. ಹಳೆಯ ಗಿರಾಕಿಗಳು ಬಂದು, "ನಮ್ಮ ಅಳತೆ ಪುಸ್ತಕದಲ್ಲಿ ಇದೆಯಲ್ಲಕ್ಕ?" ಎಂದರೆ, "ಅದು ನಡೆಯಲ್ಲ, ಹೊಸದಾಗಿ ತಗೋಬೇಕು" ಎಂದು ಎಲ್ಲರನ್ನೂ ಒಬ್ಬೊಬ್ಬರಾಗಿ ಮತ್ತೆ ನಿಲ್ಲಿಸಿ ಅಳೆದಳು. ಅಂಕಿ ಕೂಗುವ ಪದ್ಧತಿ ನಿಂತುಹೋಯಿತು. ತಾನೇ ಅಳೆದು ತಾನೇ ಬರೆದುಕೊಳ್ಳುತ್ತಿದ್ದಳು. ಟೇಪು ಕೊರಳಿಗೆ ಹಾಕದೆ ಮೊಳೆಗೆ ತೂಗುಹಾಕುತ್ತಿದ್ದಳು. ತಿಂಗಳಿಗೊಮ್ಮೆ ಕಬ್ಬಿಣದ ಕಡ್ಡಿಯ ಮೇಲಿಟ್ಟು ಪರೀಕ್ಷೆ ಮಾಡುತ್ತಿದ್ದಳು. ಬ್ಯಾಂಡಿನ ಯಜಮಾನನ ಎದುರು ಮಾಸ್ಟರ್ ತಾವಾಗಿಯೇ, "ತಪ್ಪು ನನ್ನ ಟೇಪಿನದು ಕಣಯ್ಯ, ಮಗುವಿನದಲ್ಲ" ಎಂದರು. ಅವಳು ಮಿಷನ್ ನಿಲ್ಲಿಸದೆ ಹೊಲಿಯುತ್ತಲೇ ಇದ್ದಳು.

ಅಪ್ಪನ ಅಂಗಿ ಮೂರೇ ದಿನಕ್ಕೆ ಮುಗಿಸಿದ್ದಳು. ಅವರು ಅದನ್ನು ತೊಟ್ಟು ಕನ್ನಡಿ ನೋಡಿಕೊಂಡು ನನ್ನ ಹತ್ತಿರ ಮೆಲ್ಲಗೆ ಅಂದರು, "ಒಂದು ಗೆರೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಕೈ ಕೂತಿದೆ. ನಾನಾಗಿದ್ರೆ ಸ್ವಲ್ಪ ಸಡಿಲ ಬಿಡ್ತಿದ್ದೆ." ಅವಳಿಗೆ ಅದು ಕೇಳಿಸಿತು. "ಸರಿಯಾಗಿದೆಯಾ ಮಾಸ್ಟರ್?" ಎಂದಳು. ಅವತ್ತಿನಿಂದ ಅಂಗಡಿಯಲ್ಲಿ ಅವಳು ಅವರನ್ನು ಅಪ್ಪ ಎನ್ನಲಿಲ್ಲ. ಗಿರಾಕಿಗಳ ಹಾಗೆ ಮಾಸ್ಟರ್ ಎಂದಳು, ನೀವು ಎಂದಳು. ಮನೆಯಲ್ಲಿ ಏನೆನ್ನುತ್ತಿದ್ದಳೋ ನನಗೆ ತಿಳಿಯದು. ಊಟ, ಔಷಧಿ, ಸ್ನಾನ, ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆ ಒಂದು ಮಾತನ್ನು ಮಾತ್ರ ತೆಗೆದು ಒಳಗಿಟ್ಟುಬಿಟ್ಟಳು.

ಅವರು ದಿನವೂ ಬೆಂಚಿಗೆ ಬಂದು ಕೂರುತ್ತಿದ್ದರು. ಗಿರಾಕಿಗಳಿಗೆ ಜಾಗ ಮಾಡಿಕೊಡಲು ಸರಿದು ಸರಿದು ತುದಿಗೆ ಬರುತ್ತಿದ್ದರು. ಕಂಡಕ್ಟರು ಬಂದ ದಿನ ಅವಳು ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಮಾಸ್ಟರ ಎಡಗೈ ತಾನಾಗಿ ತಮ್ಮದೇ ಬೆನ್ನ ಹಿಂದೆ ಹೋಗಿ ಬೆರಳು ಮಡಚಿತು. ಆ ಬೆರಳು ಎಣಿಸಿಕೊಳ್ಳಲು ಯಾರೂ ಇರಲಿಲ್ಲ. ನಾನು ನೋಡಿದೆ.

ಮೈ ಇಳಿಯುತ್ತ ಬಂತು. ಅಂಗಿ ದೊಗಲೆಯಾಯಿತು. ಯಾರೂ ಹೇಳದೆ ಅವಳೇ ಒಮ್ಮೆ ಪಕ್ಕ ಹಿಡಿದು ಸಣ್ಣ ಮಾಡಿದಳು. ಮತ್ತೆ ಮೂರು ತಿಂಗಳಿಗೆ ಇನ್ನೊಮ್ಮೆ. ಆಮೇಲೆ ಅವರು ಅಂಗಡಿಗೆ ಬರುವುದು ನಿಂತಿತು. ನೋಡಲು ನಾನೇ ಹೋದೆ. ಅವಳು ಹಾಸಿಗೆಯ ಪಕ್ಕ ಮಂಡಿಯೂರಿ, ಅವರ ಬೆನ್ನಡಿಯಿಂದ ಟೇಪು ತೂರಿಸಿ ಅಳೆಯುತ್ತಿದ್ದಳು. ಟೇಪಿನ ಒಂದು ತುದಿ ನಾನು ಹಿಡಿದುಕೊಂಡೆ. ಇಪ್ಪತ್ತೊಂಬತ್ತು. ಮಾಸ್ಟರ್ ಕಣ್ಣು ತೆರೆದು, "ಎಷ್ಟು ಬಂತು?" ಎಂದರು.

ಅವಳು ಟೇಪು ಸುತ್ತಿಟ್ಟಳು. "ಹೋದ ಸಲದ್ದೇ" ಎಂದಳು.

ಅವರಿಗೆ ನಗು ಬಂತು, ಕೆಮ್ಮೂ ಬಂತು.

ಮೂರು ದಿನ ಬಿಟ್ಟು ಬೆಳಿಗ್ಗೆ ಅವರು ಹೋದರೆಂದು ಹೇಳಿಕಳಿಸಿದರು. ಮನೆಗೆ ಹೋದರೆ ಅವಳಿರಲಿಲ್ಲ, ಅಂಗಡಿಯಲ್ಲಿದ್ದಾಳೆ ಎಂದರು. ಬಾಗಿಲು ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೆ. ಪಕ್ಕ ಬಿಚ್ಚಿದ್ದ ಅದೇ ಅಂಗಿಯನ್ನು ಮಿಷನ್ನಿನ ಮೇಲಿಟ್ಟು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಚೀಟಿ ಇತ್ತು. ಅದರಲ್ಲಿ ಇಪ್ಪತ್ತೊಂಬತ್ತು ಎಂದು ಬರೆದು, ಅದನ್ನು ಹೊಡೆದು, ಮೂವತ್ತು ಎಂದು ಮಾಡಿದ್ದಳು.

"ಒಂದಿಂಚು ಬಿಟ್ಟಿದೀನಿ ದೊಡ್ಡಮ್ಮ. ಅಪ್ಪನಿಗೆ ಬಿಗಿ ಆಗಬಾರದು."

ಅಪ್ಪ ಎಂದದ್ದನ್ನು ಅವಳು ಗಮನಿಸಿದಳೋ ಇಲ್ಲವೋ. ಅಂಗಿಯನ್ನು ನನ್ನ ಮಡಿಲಿಗೆ ಹಾಕಿ, ಕುತ್ತಿಗೆಯ ಗುಂಡಿ ಒಂದಿಷ್ಟು ಒಳಗೆ ಹಾಕಿಕೊಡಿ ಎಂದಳು. ನನ್ನ ಮೂಲೆಯಲ್ಲಿ ಕೂತೆ. ದಾರವನ್ನು ನಾಲಿಗೆಗೆ ಒದ್ದೆ ಮಾಡಿ ಸೂಜಿಗೆ ಹಿಡಿದೆ. ಹೋಗಲಿಲ್ಲ. ಇನ್ನೊಮ್ಮೆ ಹಿಡಿದೆ. ಮೂವತ್ತೊಂದು ವರ್ಷ ನೋಡದೆಯೇ ಪೋಣಿಸುತ್ತಿದ್ದ ಸೂಜಿಯ ಕಣ್ಣು ಅವತ್ತು ಎಲ್ಲಿದೆಯೆಂದೇ ಕಾಣಲಿಲ್ಲ.

ಅವಳು ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು, ದಾರ ಪೋಣಿಸಿ, ಗಂಟು ಹಾಕಿ ಕೊಟ್ಟಳು.

"ನಿಧಾನಕ್ಕೆ ಹಾಕಿ ದೊಡ್ಡಮ್ಮ" ಎಂದಳು. "ನಾನು ಕಾಯ್ತೀನಿ."